ಹುಳು ಮನೆಯ ನಾಯಿಗೆ ಕೊಟ್ಟ ಔಷಧಿ

1999ನೇ ಇಸವಿ. ನಾವಾಗ ಮುಳಬಾಗಿಲಿನಲ್ಲಿದ್ದೆವು. ನಮ್ಮ ಯಜಮಾನರು ಪಶುವೈದ್ಯರು. ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್. ನಾನು ಗೃಹಿಣಿ. ಕೋಲಾರದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ತೀಡಿದ ದುಂಡನೆಯ ಅಕ್ಷರ ನನ್ನದು. ಅದರ ದೆಸೆಯಿಂದ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಔಷಧಿ ಅಳೆಯುವುದು, ಆಮೇಲೆ ನಾಯಿಗಳ ಬಾಯಿ ಹಿಡಿಯುವುದು. ಹಳ್ಳಿಯವರು ನನ್ನನ್ನು ‘ಡಾಕ್ಟ್ರಮ್ಮ’ ಎನ್ನುತ್ತಿದ್ದರು. ಡಾಕ್ಟರ ಹೆಂಡತಿಗೆ ನಮ್ಮ ಕಡೆ ಇರುವ ಹೆಸರು ಅದು. ನಾನು ಓದಿ ಸಂಪಾದಿಸಿದ್ದಲ್ಲ.

ಫೆಬ್ರವರಿಯ ಒಂದು ಬೆಳಿಗ್ಗೆ ತಾಯಲೂರಿನ ಆಚೆಯ ಹಳ್ಳಿಯಿಂದ ರತ್ನಮ್ಮ ಎಂಬ ಸೊಸೆ ಹುಡುಗಿ ಬಂದಳು. ಟೊಮೇಟೊ ಪೆಟ್ಟಿಗೆಗಳ ನಡುವೆ ಕೂತು ಲಗೇಜ್ ಆಟೋದಲ್ಲಿ ಬಂದಿದ್ದಳು. ಮಡಿಲಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ನಾಯಿ. ಹೆಸರು ಸಿಂಗಾರಿ. ಕಿವಿಯಂಚು, ಮೊಣಕಾಲು, ಹೊಟ್ಟೆಯ ಕೆಳಗೆಲ್ಲ ಕೂದಲುದುರಿ ಚರ್ಮ ಬೂದಿ ಬಳಿದ ಗೋಡೆಯಂತಿತ್ತು. ಅಲ್ಲಲ್ಲಿ ಕಪ್ಪಗೆ ಜಿಡ್ಡು.

“ಇದೇನಮ್ಮ ಜಿಡ್ಡು?” ಎಂದರು ಯಜಮಾನರು.

“ನಮ್ಮತ್ತೆ ವೇಸ್ಟ್ ಆಯಿಲ್ ಹಚ್ಚಿದ್ರು ಡಾಕ್ಟ್ರೇ. ಕಜ್ಜಿಗೆ ಒಳ್ಳೇದಂತೆ.”

“ನಾಯಿನಾ ಟ್ರಾಕ್ಟರ್ರಾ ಅದು? ನೆಕ್ಕಿದ್ರೆ ಹೊಟ್ಟೆಗೆ ಹೋಗುತ್ತೆ ಕಣಮ್ಮ.”

ಅವರು ನಾಯಿಯ ಕಿವಿಯಂಚನ್ನು ಬೆರಳಲ್ಲಿ ಉಜ್ಜಿದರು. ಕೂಡಲೇ ಅದರ ಹಿಂಗಾಲು ತಾನಾಗಿ ಗಾಳಿಯನ್ನು ಕೆರೆಯತೊಡಗಿತು. ಕಜ್ಜಿ ಹುಳುವಿದ್ದರೆ ಹೆಚ್ಚಾಗಿ ಹೀಗಾಗುತ್ತದೆ. ಬ್ಲೇಡಿನಿಂದ ಚರ್ಮವನ್ನು ಸ್ವಲ್ಪ ರಕ್ತ ಜಿನುಗುವಷ್ಟು ಹೆರೆದು, ಎಣ್ಣೆಯ ಹನಿಯೊಂದಿಗೆ ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ರತ್ನಮ್ಮನಿಗೂ ತೋರಿಸಿದರು. “ಅಯ್ಯೋ, ಇದಕ್ಕೂ ಕಾಲಿದಾವೆ!” ಎಂದು ಅವಳು ಹಿಂದೆ ಸರಿದಳು. ಕಣ್ಣಿಗೆ ಕಾಣದ ಈ ಹುಳು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ನಾಯಿಯಿಂದ ನಾಯಿಗೆ ಅಂಟುತ್ತದೆ. ತಬ್ಬಿ ಮಲಗುವ ಮಕ್ಕಳಿಗೂ ನವೆ ಬರುತ್ತದೆ.

ಅಮಿಟ್ರಾಜ್ ಎಂಬ ಔಷಧಿ ಬರೆದರು. ಹನ್ನೆರಡೂವರೆ ಪರ್ಸೆಂಟಿನ ದ್ರಾವಣ. ಲೀಟರ್ ನೀರಿಗೆ ನಾಲ್ಕು ಎಂ.ಎಲ್. ವಾರಕ್ಕೊಮ್ಮೆ ಮೈಗೆಲ್ಲ ಹಚ್ಚಿ, ತೊಳೆಯದೆ ಒಣಗಲು ಬಿಡಬೇಕು. ಇಷ್ಟು ಹೇಳಿ ಅವರು ಕರು ಹಾಕಲಾರದೆ ಒದ್ದಾಡುತ್ತಿದ್ದ ಹಸುವೊಂದನ್ನು ನೋಡಲು ಶ್ರೀನಿವಾಸಪುರದ ಕಡೆ ಹೊರಟುಹೋದರು.

ಮಿಕ್ಕಿದ್ದು ನನ್ನ ಕೆಲಸ. ಕಂಪನಿಯ ದೊಡ್ಡ ಬಾಟಲಿಯಿಂದ ಚಿಕ್ಕ ಗಾಜಿನ ಸೀಸೆಗೆ ಬಗ್ಗಿಸಿ ಕೊಡುವುದು ನಮ್ಮಲ್ಲಿ ರೂಢಿ. ಸೀಸೆಯ ಮೇಲೆ ನನ್ನ ಚೀಟಿ: ‘ನಾಯಿ ಕಜ್ಜಿಗೆ. ಬಾಯಿಗಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿ.’ ರತ್ನಮ್ಮ ಅದನ್ನು ಎರಡು ಸಲ ಓದಿ, “ನಿಮ್ಮಕ್ಷರ ಪುಸ್ತಕದ ಥರ ಇದೆ ಡಾಕ್ಟ್ರಮ್ಮ” ಎಂದಳು. ನನಗೆ ಸಂತೋಷವಾಯಿತು. ಅವಳ ಹೆಬ್ಬೆರಳುಗಳು ಕಪ್ಪು ಹಸಿರಾಗಿದ್ದುದನ್ನು, ಸೀರೆಯಂಚಿಗೆ ಎಲೆಯ ಚೂರು ಅಂಟಿದ್ದುದನ್ನು ನೋಡಿದ್ದೆ. ನೋಡಿದೆ, ಅಷ್ಟೇ.

ಮಧ್ಯಾಹ್ನ ಎರಡರ ಹೊತ್ತಿಗೆ ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನನ್ನ ಹೆಬ್ಬೆರಳು ಕಪ್ಪಾಗತೊಡಗಿತು. ಬೆಳಿಗ್ಗೆ ನೋಡಿದ ಬೆರಳುಗಳು ನೆನಪಾದವು. ಅಷ್ಟು ಗಾಢವಾದ ಕಲೆ ಸಾರಿಗೆ ಸೊಪ್ಪು ಬಿಡಿಸಿದರೆ ಬರುವಂಥದ್ದಲ್ಲ. ಹೊತ್ತುಹೊತ್ತಿಗೂ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರ ಕೈಗೆ ಬರುವಂಥದ್ದು. ರತ್ನಮ್ಮನ ಮನೆಯಲ್ಲಿ ರೇಷ್ಮೆ ಹುಳುವಿದೆ!

ಹುಳು ಸಾಕುವ ಮನೆಯ ಹತ್ತಿರ ಸೊಳ್ಳೆ ಬತ್ತಿ ಕೂಡ ಹಚ್ಚುವಂತಿಲ್ಲ ಎಂದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಆದರೆ ನಾನು ಕೊಟ್ಟದ್ದು ಕೀಟನಾಶಕ ಎಂದು ರತ್ನಮ್ಮನಿಗೆ ಗೊತ್ತಾಗುವುದು ಹೇಗೆ? ವಿಷದ ಗುರುತಿದ್ದ ಲೇಬಲ್ಲು ನಮ್ಮ ಕಪಾಟಿನಲ್ಲೇ ಉಳಿದಿತ್ತು. ಅವಳ ಕೈಯಲ್ಲಿದ್ದದ್ದು ನನ್ನ ದುಂಡಕ್ಷರ.

ಆ ಹಳ್ಳಿಗೆ ಫೋನಿರಲಿಲ್ಲ. ಸೊಪ್ಪನ್ನು ಹಾಗೇ ಬಿಟ್ಟು, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಬಸ್‌ಸ್ಟ್ಯಾಂಡಿಗೆ ಓಡಿದೆ. ತಾಯಲೂರಿನ ಬಸ್ಸು ತುಂಬುವವರೆಗೆ ಹೊರಡುವುದಿಲ್ಲ. ನಾನು ಕೂತೆ, ಎದ್ದೆ, ಇಳಿದು ಡ್ರೈವರ್ ಎಲ್ಲೆಂದು ಹುಡುಕಿದೆ, ಮತ್ತೆ ಹತ್ತಿದೆ. “ಏನಮ್ಮಾ, ಬಸ್ಸನ್ನ ನೀವೇ ತಳ್ಳೋ ಹಂಗಿದೀರ?” ಎಂದ ಕಂಡಕ್ಟರ್. ತಾಯಲೂರಿನಲ್ಲಿಳಿದು ಕೆರೆ ಏರಿಯ ಮೇಲೆ ಒಂದೂವರೆ ಮೈಲಿ ನಡೆದೆ. ಅರ್ಧ ಓಡಿದೆ ಎಂದರೆ ಸರಿ.

ಅಂಗಳದಲ್ಲಿ ಬಕೆಟ್ಟು ಬೋರಲಾಗಿತ್ತು. ಔಷಧಿ ಹಚ್ಚಿ ಮುಗಿದಿತ್ತು.

“ಸಿಂಗಾರಿ ಎಲ್ಲಿ?” ಎಂದು ಏದುಸಿರಿನಲ್ಲಿ ರತ್ನಮ್ಮನನ್ನು ಕೇಳಿದೆ.

“ಯಾಕೋ ಮಂಪರಾಗಿದ್ಲು ಡಾಕ್ಟ್ರಮ್ಮ. ಸೊಪ್ಪಿನ ಕೋಣೇಲಿ ಮಲಗವ್ಳೆ. ಯಾವಾಗ್ಲೂ ಅಲ್ಲೇ, ತಣ್ಣಗಿರುತ್ತಲ್ಲ.”

ಕೊಯ್ದ ಸೊಪ್ಪು ಬಾಡದಂತೆ ಕತ್ತಲೆ ಕೋಣೆಯಲ್ಲಿ ರಾಶಿ ಹಾಕಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿಡುತ್ತಾರೆ. ಆ ತಾಟಿನ ಮೇಲೆ ಸಿಂಗಾರಿ ಔಷಧಿಯ ಮಂಪರಿನಲ್ಲಿ ಸುರುಟಿಕೊಂಡು ಮಲಗಿತ್ತು. ಅದರ ಮೈ ಇನ್ನೂ ಹಸಿ. ರಾಶಿಯ ಒಂದು ಮಗ್ಗುಲು ಖಾಲಿಯಾಗಿತ್ತು.

“ಈ ಸೊಪ್ಪು ಹುಳಕ್ಕೆ ಹಾಕಿದ್ರಾ?”

ಒಳಗಿನಿಂದ ಅತ್ತೆ ಮುನೆಮ್ಮ ಬುಟ್ಟಿ ಹಿಡಿದು ಬಂದರು. “ಈಗ ಶುರು ಮಾಡ್ದೆ. ಬಾಗಿಲ ಹತ್ರದ ಎರಡು ತಟ್ಟೆಗೆ ಹಾಕಿದೀನಿ. ಯಾಕೆ?”

“ನಿಲ್ಲಿಸಿ. ದಯವಿಟ್ಟು ನಿಲ್ಲಿಸಿ.”

ಹುಳುಗಳು ಕೊನೆಯ ಹಂತದಲ್ಲಿದ್ದವು. ಇನ್ನು ನಾಲ್ಕೈದು ದಿನಕ್ಕೆ ಗೂಡು ಕಟ್ಟುವಂಥವು. ಆಗ ಅವುಗಳ ಹಸಿವಿಗೆ ಮಿತಿಯಿಲ್ಲ. ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಆ ಸೊಪ್ಪು ಹಾಕಿದ್ದ ಎರಡು ಹುಳುವಿನ ತಟ್ಟೆಗಳನ್ನು ಹೊರಗೆ ತಂದರು. ರಾಶಿಯನ್ನು ತಾಟಿನ ಸಮೇತ ದೂರದ ಗುಂಡಿಗೆ ಹಾಕಿದರು. ಕೋಣೆಯ ನೆಲ ತೊಳೆದರು. ಮನೆಯವರೆಲ್ಲ ಸೋಪು ಹಾಕಿ ಕೈ ತೊಳೆದು ತೋಟಕ್ಕೆ ಓಡಿ ಹೊಸ ಸೊಪ್ಪು ಕೊಯ್ಯತೊಡಗಿದರು. ರತ್ನಮ್ಮನೂ ನಾನೂ ಮಾತ್ರ ಏನನ್ನೂ ಮುಟ್ಟುವಂತಿರಲಿಲ್ಲ, ನಮ್ಮಿಬ್ಬರ ಕೈಗೂ ನೀರು ಬೆರೆಸದ ಔಷಧಿಯೇ ತಾಗಿತ್ತು, ತೊಳೆದರೂ ನಂಬುವಂತಿರಲಿಲ್ಲ. ಆಮೇಲೆ ಎಷ್ಟೋ ಕಷ್ಟ ನೋಡಿದ್ದೇನೆ, ಆದರೆ ಅಂಗಳದಲ್ಲಿ ಹಾಗೆ ಕೈಕಟ್ಟಿ ನಿಂತ ಆ ಎರಡು ಗಂಟೆ ಬೇರೆಯೇ. ನಾನು ಬಾವಿಯಿಂದ ಬೇಲಿಗೆ, ಬೇಲಿಯಿಂದ ಬಾವಿಗೆ ನಡೆದೆ.

ಹೊರಗಿಟ್ಟ ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ತೂಗಿದವು. ಬಾಯಿಂದ ಹಸಿರು ನೀರು ಬಿಟ್ಟವು. ಆಮೇಲೆ ಕುಗ್ಗಿದವು. ಮುನೆಮ್ಮನವರು ಅದನ್ನು ನೋಡಿ ಸೊಸೆಯ ಮೇಲೆ ತಿರುಗಿದರು.

“ಅಯ್ಯೋ ದೇವುಡಾ! ನಾಯಿ ನಾಯಿ ಅಂತ ಕುಣಿದ್ಯಲ್ಲೇ, ಸಾಕಾ? ಮನೆಗೆ ವಿಷ ತಂದಿಟ್ಯಲ್ಲೇ! ಇವತ್ತೇ ಅದನ್ನ ರೋಡಿಗೆ ಬಿಟ್ಟು ಬಾ. ಇಲ್ಲಾ ನೀನೂ ಅದರ ಜೊತೇಲೇ ನಡಿ.”

ಚೀಟಿ ಅಂಟಿಸಿದ್ದ ಸೀಸೆ ರತ್ನಮ್ಮನ ಕೈಯಲ್ಲೇ ಇತ್ತು. ಅವಳು ಅದನ್ನು ಎತ್ತಿ ತೋರಿಸಲಿಲ್ಲ. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಡಾಕ್ಟ್ರಮ್ಮ ಓಡಿಬಂದು ಹುಳು ಉಳಿಸಿದಳು ಎಂದೇ ಊರು ಹೇಳುತ್ತಿತ್ತು. ಒಂದು ಕ್ಷಣ ಹಾಗೆ ಅನ್ನಿಸಿತು ಕೂಡ.

“ತಪ್ಪು ಇವಳದ್ದಲ್ಲಮ್ಮ, ನನ್ನದು,” ಎಂದೆ. “ಇದು ಹುಳಕ್ಕೆ ವಿಷ ಅಂತ ನನಗೆ ಗೊತ್ತಿತ್ತು. ನಿಮ್ಮನೇಲಿ ಹುಳ ಇದೆಯಾ ಅಂತ ಕೇಳಲಿಲ್ಲ.”

ಮುನೆಮ್ಮ “ಓದಿರೋರು ನೀವು,” ಎಂದಷ್ಟೇ ಹೇಳಿ ಒಳಗೆ ಹೋದರು. ಬೈದಿದ್ದರೆ ಹಗುರವಾಗುತ್ತಿತ್ತು.

ಉಳಿದ ತಟ್ಟೆಗಳ ಹುಳುಗಳು ತಡವಾಗಿಯಾದರೂ ಹೊಸ ಸೊಪ್ಪು ತಿಂದು ಉಳಿದವು. ಸಿಂಗಾರಿಯನ್ನು ಅಲ್ಲಿ ಬಿಡುವಂತಿರಲಿಲ್ಲ. ಹಾಲಿನ ಟೆಂಪೋದವನನ್ನು ಕೇಳಿದರೆ, “ಹಾಲಿನ ಗಾಡೀಲಿ ಕಜ್ಜಿ ನಾಯಿನಾ? ನನ್ ಕೆಲಸ ತೆಗಿತೀರೇನಮ್ಮ?” ಎಂದು ನಕ್ಕು ಹೋದ. ಕೊನೆಗೆ ಇಟ್ಟಿಗೆ ಇಳಿಸಿ ವಾಪಸ್ಸಾಗುತ್ತಿದ್ದ ಟ್ರಾಕ್ಟರಿನಲ್ಲಿ ನಾನೂ ಅದೂ ಮುಳಬಾಗಿಲಿಗೆ ಬಂದೆವು. ಯಜಮಾನರು ಎಲ್ಲ ಕೇಳಿ, “ನಾನೂ ಕೇಳಲಿಲ್ಲವಲ್ಲ,” ಎಂದರು. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ನಮ್ಮ ಹಿತ್ತಲಲ್ಲಿ ಸಿಂಗಾರಿಗೆ ಇನ್ನೂ ನಾಲ್ಕು ವಾರ ಔಷಧಿ ಹಚ್ಚಿದೆ. ಅದರ ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಿದೆ. ಎರಡು ಸಲ ಚರ್ಮ ಹೆರೆದು ನೋಡಿದರೂ ಹುಳು ಕಾಣಲಿಲ್ಲ. ಕಿವಿಯ ಮೇಲೆ ಕಂದು ಕೂದಲು ಮೊಳೆಯಿತು. ರತ್ನಮ್ಮನಿಂದ ಮಾತ್ರ ಸುದ್ದಿಯಿಲ್ಲ. ದಿನವೂ ಗೇಟಿನ ಸದ್ದಾದರೆ ಎದ್ದು ಹೋಗಿ ನೋಡುತ್ತಿದ್ದೆ.

ಒಂದು ದಿನ ಬಂದವರು ಮುನೆಮ್ಮ. ಸೊಸೆ ಹಿಂದೆ ನಿಂತಿದ್ದಳು.

“ಗೂಡು ಆಗ್ಲೇ ಮಾರ್ಕೆಟ್ಟಿಗೆ ಹೋಯ್ತು. ಮನೆ ಖಾಲಿ. ಮುಂದಿನ ಹುಳ ಬರೋಕೆ ಹದಿನೈದು ದಿನ ಇದೆ,” ಎಂದರು, ನಾನು ಕೇಳುವ ಮೊದಲೇ. ಆಮೇಲೆ ಸಿಂಗಾರಿಯ ಕಿವಿ ಹಿಡಿದು ನೋಡಿ, “ಎಲೇ, ಬಾರೇ. ಇನ್ಮೇಲೆ ಸೊಪ್ಪಿನ ಕೋಣೆ ಕಡೆ ಮೂತಿ ಹಾಕಿದ್ರೆ ಕಾಲು ಮುರೀತೀನಿ,” ಎಂದರು. ನನ್ನ ಕಡೆ ತಿರುಗಿ, “ನಮ್ಮೂರಲ್ಲಿ ಇನ್ನೂ ಮೂರು ನಾಯಿಗೆ ಕಜ್ಜಿ ಇದೆ. ಕರ್ಕೊಂಡ್ ಬರ್ಲಾ?” ಎಂದರು.

ಅಂದಿನಿಂದ ಚಿಕ್ಕ ಸೀಸೆಗೆ ಬಗ್ಗಿಸುವ ರೂಢಿ ನಿಂತಿತು; ಲೇಬಲ್ಲಿರುವ ಕಂಪನಿ ಬಾಟಲಿಯನ್ನೇ ಕೊಡತೊಡಗಿದೆವು. ಉಣ್ಣಿಯಿರಲಿ, ಚಿಗಟವಿರಲಿ, ಕಜ್ಜಿಯಿರಲಿ, ನಾಯಿಗೆ ಹಚ್ಚುವ ಔಷಧಿ ನಾಯಿಯೊಂದಕ್ಕೇ ತಾಗುವುದಿಲ್ಲ. ಅದು ಮಲಗುವ ಜಾಗಕ್ಕೆ, ಅದನ್ನು ಮುಟ್ಟುವ ಕೈಗಳಿಗೆ, ಆ ಮನೆಯಲ್ಲಿ ಉಸಿರಾಡುವ ಎಲ್ಲಕ್ಕೂ ತಾಗುತ್ತದೆ. ಈಗಲೂ ಯಾರಾದರೂ ನಾಯಿಗೆ ಕಜ್ಜಿ ಎಂದು ಬಂದರೆ ನಾನು ಮೊದಲು ಚರ್ಮ ನೋಡುವುದಿಲ್ಲ. “ಇದು ಎಲ್ಲಿ ಮಲಗುತ್ತೆ?” ಎಂದು ಕೇಳುತ್ತೇನೆ. ಬಂದವರು ನಗುತ್ತಾರೆ. ಉತ್ತರ ಬರುವವರೆಗೆ ಔಷಧಿಯ ಬಾಟಲಿಗೆ ಕೈ ಹಾಕುವುದಿಲ್ಲ.