ಅಮ್ಮನ ಎಲೆಗೆ ಬಿದ್ದ ಕೋಳಿ ಕಾಲು

ತೀರಿಹೋದ ಹಿರಿಯರಿಗೆ ನಿನ್ನೆ ಎಲೆ ಹಾಕಿ ಬಡಿಸಿ ಉಳಿದ ಕೋಳಿ ಸಾರನ್ನು ಬಿಸಿಗಿಟ್ಟಿದ್ದೇನೆ. ಅದರ ಪರಿಮಳಕ್ಕೇ ಸಿಟ್ಟು ನೆತ್ತಿಗೇರುತ್ತಿದೆ.

ನಾವು ಸಣ್ಣವರಿದ್ದಾಗ ಅಜ್ಜಾವರ ಊರಿನ ನಮ್ಮ ಮನೆಯಲ್ಲಿ ಹಬ್ಬದ ಮರುದಿನ, ಮಣ್ಣಿನ ಪಾತ್ರೆಯ ತಳದಲ್ಲಿ ಉಳಿದ ಸಾರಿಗೆ ಅಮ್ಮ ಹುರಿದ ತೆಂಗಿನತುರಿ ಹಾಕಿ ಬತ್ತಿಸುತ್ತಿದ್ದಳು. ನಾಲ್ಕೈದು ತುಂಡು ಮನೆಮಂದಿಗೆಲ್ಲ ಸಾಲಬೇಕಲ್ಲ! ಬಡಿಸುವವಳು ಅಜ್ಜಿ. ತುಂಡುಗಳೆಲ್ಲ ಅಪ್ಪ, ಚಿಕ್ಕಪ್ಪ, ನನ್ನ ತಮ್ಮನ ಎಲೆಗೆ. ಒಮ್ಮೆ ನಾನು ಕೇಳಿಯೇಬಿಟ್ಟೆ: "ಅಮ್ಮನಿಗೆ ಎಂತ ಉಂಟು?"

"ಅವಳಿಗೆ ಕೋಳಿ ಸೇರುದಿಲ್ಲ" ಎಂದಳು ಅಜ್ಜಿ.

ಅಮ್ಮ ಹೌದೆಂದು ತಲೆಯಾಡಿಸಿದಳು. ಎಲ್ಲರ ಊಟವಾದ ಮೇಲೆ ಒಲೆಯ ಬುಡದಲ್ಲಿ ಕೂತು, ಆ ಖಾಲಿ ಪಾತ್ರೆಗೆ ಕುಚ್ಚಲಕ್ಕಿ ಅನ್ನ ಹಾಕಿ, ತಳಕ್ಕಂಟಿದ ಮಸಾಲೆಯನ್ನು ಬೆರಳಲ್ಲಿ ಬಳಿದು ಬಳಿದು ಉಂಡಳು. ಕೋಳಿ ಸೇರದವಳು!

ನಿನ್ನೆ ಅಮ್ಮನ ಹೆಸರಿನ ಎಲೆಗೆ ತಮ್ಮ ದೊಡ್ಡದೊಂದು ಕಾಲಿನ ತುಂಡು ಇಟ್ಟ. "ಅಮ್ಮನಿಗೆ ಇದೆಂದರೆ ಜೀವ" ಎಂದ.

"ಅವಳು ತಿಂದದ್ದನ್ನು ನೀನು ಯಾವಾಗ ನೋಡಿದ್ದು ಮಾರಾಯ?" ಎಂದೆ.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿ, ಎಲ್ಲರೂ ಕೈಮುಗಿದು ಹೊರಗೆ ನಿಂತೆವು. ಬಾಗಿಲು ತೆರೆದ ಮೇಲೆ ಅಮ್ಮನ ಎಲೆಯ ಮುಂದೆ ಕೂತು ಆ ಕಾಲು ತಿಂದವನೂ ತಮ್ಮನೇ.