ಮೂರು ದೇಶ ಸೇರಿ ಕೊಟ್ಟ ಗಿರಣಿ

ರುದ್ರವ್ವ ಕಲಬುರಗಿ ಕಡೆಯವಳು. ಗಂಡ ತೀರಿಕೊಂಡ ಮೇಲೆ ಮಹಾನಗರದ ಆಂಟಾಪ್ ಹಿಲ್‌ನಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತ ಬದುಕು ಕಟ್ಟಿಕೊಂಡಳು. ಅದೇ ಕೆಲಸದ ಹೆಂಗಸರನ್ನು ಸೇರಿಸಿ ಗುಂಪು ಮಾಡಿದ್ದೂ ಅವಳೇ. ಆ ಗುಂಪಿಗೆ ಬಿಸಿಲಿನಿಂದ ಓಡುವ ಹಿಟ್ಟಿನ ಗಿರಣಿ ಬಂತು. ದುಡ್ಡು ಒಂದು ದೇಶದ್ದು, ಟೆರೇಸಿನ ಮೇಲಿನ ಪ್ಯಾನೆಲ್ ಇನ್ನೊಂದರದು, ಇನ್ವರ್ಟರ್ ಡಬ್ಬಿ ಮತ್ತೊಂದರದು. ಉದ್ಘಾಟನೆಯ ದಿನ ಎಲ್ಲರೂ ಫೋಟೋ ತೆಗೆಸಿಕೊಂಡರು.

ಎರಡನೆಯ ಮಳೆಗಾಲದಲ್ಲಿ ಇನ್ವರ್ಟರ್ ಸುಟ್ಟುಹೋಯಿತು. ರುದ್ರವ್ವ ಗಿರಣಿ ಕೊಡಿಸಿದ ಯೋಜನೆಯ ಆಫೀಸಿಗೆ ಅಲೆದಳು. ದುಡ್ಡು ಕೊಟ್ಟವರು ಯೋಜನೆ ಮುಗಿಯಿತು ಅಂದರಂತೆ. ಇನ್ವರ್ಟರಿನವರು ತಪ್ಪು ಪ್ಯಾನೆಲಿನದು ಅಂದರಂತೆ. ಪ್ಯಾನೆಲಿನವರಿಂದ ಉತ್ತರವೇ ಇಲ್ಲ. ನಾವೇ ರಿಪೇರಿ ಮಾಡಿಸುತ್ತೇವೆ ಎಂದರೆ, ಮೂರೂ ಕಡೆಯ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎಂದರು ಆಫೀಸಿನವರು. ಹೆಂಗಸರು ಮತ್ತೆ ಜೋಳ ಹೊತ್ತು ದೂರದ ಗಿರಣಿಗೆ ನಡೆದರು.

ಈ ವರ್ಷ ಅದೇ ನಗರದ ವಿಲೆ ಪಾರ್ಲೆಯಲ್ಲಿ, ಇಂಥ ಯೋಜನೆಗಳಿಗೆ ನೆರವು ಕೊಡುವ ಪರದೇಶದವರ ಸಭೆಯಾಯಿತು. ಗುಂಪಿನ ಪರವಾಗಿ ಮಾತಾಡಲು ರುದ್ರವ್ವನನ್ನೂ ಕರೆದರು. ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಆಫೀಸಿನ ಪ್ರಣೀತಾ ಪಕ್ಕದಲ್ಲಿ ಕೂತಳು. ಉಡುಪಿ ಕಡೆಯ ಹುಡುಗಿ.

ವೇದಿಕೆಯ ಮೇಲೊಬ್ಬರು ಇತಿಹಾಸ ಹೇಳುತ್ತಿದ್ದರು. ಐವತ್ತು ವರ್ಷದ ಹಿಂದೆ ಅರಬ್ ದೇಶಗಳು ಎಣ್ಣೆ ತಡೆದಾಗ ಶ್ರೀಮಂತ ದೇಶಗಳು ಒಂದಾಗಿದ್ದು, ಎಣ್ಣೆ ಕೂಡಿಡಲು ಒಪ್ಪಂದವಾಗಿದ್ದು, ಆಮೇಲೆ ಹವಾಮಾನಕ್ಕಾಗಿ ಜಗತ್ತೇ ಒಟ್ಟಿಗೆ ಕೂತಿದ್ದು, ಈಗ ಸೂರ್ಯಶಕ್ತಿಗೆ ಕೈಜೋಡಿಸಿದ್ದು. ಪ್ರಣೀತಾ ಪಿಸುಮಾತಿನಲ್ಲಿ ಕನ್ನಡ ಮಾಡಿ ಹೇಳಿದಳು.

"ಇಷ್ಟೆಲ್ಲಾ ದೇಶ ಒಂದಾಗ್ಯಾವ, ನಮ್ಮ ಒಂದ್ ಡಬ್ಬಿ ರಿಪೇರಿ ಆಗಂಗಿಲ್ಲೇನ್?" ಎಂದಳು ರುದ್ರವ್ವ.

ಮೈಕ್ ಕೈಗೆ ಬಂದಾಗಲೂ ಅದನ್ನೇ ಹೇಳಿದಳು. "ಗಿರಣಿ ಬಂದ್ ಬಿದ್ದದ್ರೀ. ಯಾರೂ ಕೇಳವಲ್ರು."

ಪ್ರಣೀತಾ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಅದರಲ್ಲಿದ್ದ 'ಹ್ಯಾಪಿ', 'ಥ್ಯಾಂಕ್ಯೂ' ಎಂಬ ಮಾತುಗಳು ರುದ್ರವ್ವನಿಗೆ ತಿಳಿಯದವೇನಲ್ಲ. ಮೈಮೇಲೆ ಬೆಂಕಿ ಸುರಿದಂತಾಯಿತು.

"ಹ್ಯಾಪಿ ನಹೀ!" ಎಂದು ಕೂಗಿದಳು. "ಮಶೀನ್ ಬಂದ್ ಹೈ!"

ಅಷ್ಟರಲ್ಲಿ ಮೈಕ್ ಮುಂದಿನವರ ಕೈಗೆ ಹೋಗಿತ್ತು. ಕೂಗು ಕೇಳಿದ ಒಂದಿಬ್ಬರು ನಕ್ಕು ಕೈಬೀಸಿದರು.

ಹೊರಗೆ ಪ್ರಣೀತಾ ತಲೆ ತಗ್ಗಿಸಿದಳು. "ಸಾರಿ ಆಂಟಿ. ಆಫೀಸಿನವ್ರು ನಂಗೆ ಹಾಗೇ ಹೇಳ್ಲಿಕ್ಕೆ ಹೇಳಿದ್ರು."

"ನಿನಗ್ಯಾಕ ಬೈಲಿ, ಯವ್ವಾ" ಎಂದಳು ರುದ್ರವ್ವ. ಆದರೆ ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ನಿಂತಿದ್ದಳು.

ಮರುದಿನ ವೈರಿಂಗ್ ಕೆಲಸದ ಯಲ್ಲಾಲಿಂಗನನ್ನು ಕರೆಸಿ, ಗಿರಣಿಗೆ ಮಾಮೂಲಿ ಕರೆಂಟ್ ಕೊಡಿಸಿದಳು. ಬಿಲ್ಲನ್ನು ಗುಂಪಿನವರು ಹಂಚಿಕೊಳ್ಳುವುದೆಂದಾಯಿತು. ಬಿಸಿಲು ಟೆರೇಸಿನ ಮೇಲೆ ದಂಡಕ್ಕೆ ಬೀಳುತ್ತಿತ್ತು.

"ಅಕ್ಕಾ, ಕೇಳದೇ ಮುಟ್ಟೀರಿ ಅಂತ ಅವರು ಬಂದ್ರ?" ಯಲ್ಲಾಲಿಂಗ ಅಳುಕಿದ.

"ಬರ್ಲಿ. ಹಂಗರ ಒಮ್ಮೆ ಗಿರಣಿ ನೋಡ್ಲಾಕ ಬರ್ತಾರ."

ಇದುವರೆಗೂ ಯಾರೂ ಬಂದಿಲ್ಲ.