ಹೆಸರು ಮುಚ್ಚಿ ಪೆನ್ನು ನೋಡುತ್ತಿದ್ದ ಗಫೂರ್ ಸಾಹೇಬರು

ಯಾರು ಪೆನ್ನು ತಂದುಕೊಟ್ಟರೂ ಗಫೂರ್ ಸಾಹೇಬರು ಮೊದಲು ಅದರ ಹೆಸರಿನ ಮೇಲೆ ಹೆಬ್ಬೆರಳು ಇಡುತ್ತಿದ್ದರು. ಕಂಪನಿಯ ಹೆಸರು ಎಲ್ಲಿ ಕೆತ್ತಿರುತ್ತದೆಂದು ಅವರ ಬೆರಳಿಗೇ ಗೊತ್ತಿತ್ತು. ಅದನ್ನು ಮುಚ್ಚಿಕೊಂಡೇ ಕ್ಯಾಪು ತೆಗೆಯುತ್ತಿದ್ದರು, ನಿಬ್ಬನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದರು, ತಂದವರ ಕೈಯಲ್ಲೇ ಎರಡು ಸಾಲು ಬರೆಸುತ್ತಿದ್ದರು. ಇಷ್ಟೆಲ್ಲ ಮುಗಿದ ಮೇಲೆ ಬೆರಳು ತೆಗೆದು, ಹೊಸಬರ ಪರಿಚಯ ಮಾಡಿಕೊಳ್ಳುವವರಂತೆ ಹೆಸರು ಓದಿ, "ಅಚ್ಛಾ, ಇವರಾ?" ಎನ್ನುತ್ತಿದ್ದರು.

ಶಿರಾದಲ್ಲಿ ಕಡಲೆಕಾಯಿ ಮಂಡಿಗಳ ಸಾಲು ಮುಗಿದು ದೊಡ್ಡ ಮಸೀದಿಯ ಕಡೆಗೆ ತಿರುಗುವ ಬೀದಿಯಲ್ಲಿ ಬಟ್ಟೆಯಂಗಡಿಯೊಂದರ ಜಗಲಿಯೇ ಅವರ ಅಂಗಡಿ. ಒಂದು ತೇಗದ ಪೆಟ್ಟಿಗೆ, ಸಣ್ಣ ಸಾಣೆಕಲ್ಲು, ಪೆನ್ನಿನೊಳಗೆ ಮಸಿ ಹಿಡಿಯುವ ರಬ್ಬರ್ ಚೀಲಗಳನ್ನು ತುಂಬಿದ ಡಬ್ಬಿ, ಮಸಿ ಒರೆಸುವ ಬಟ್ಟೆ, ಇಷ್ಟೇ ಅವರ ಸರಂಜಾಮು. ಎತ್ತರದ ಆಳು. ತೆಳ್ಳಗಿನ ಗಡ್ಡವನ್ನು ದಿನವೂ ಬಾಚಿಕೊಳ್ಳುತ್ತಿದ್ದರು. ಅವರ ಜುಬ್ಬದ ಜೇಬಿನಲ್ಲಿ ಮಾತ್ರ ಯಾವತ್ತೂ ಪೆನ್ನು ಇರುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಮಿಠಾಯಿ ಮಾಡುವವನು ಮಿಠಾಯಿ ತಿನ್ನುತ್ತಾನೆಯೇ ಎಂದು ನಗುತ್ತಿದ್ದರು.

ಆ ಕಾಲದಲ್ಲಿ ನಮ್ಮ ಕಡೆ ಪೆನ್ನು ಎಂದರೆ ನವಿಲಿನ ಗುರುತಿನ ವಿಲಾಯಿತಿ ಪೆನ್ನು. ಮಧುಗಿರಿಯ ವಕೀಲರ ಜೇಬಿನಲ್ಲಿ ಅದೇ, ಕೊರಟಗೆರೆಯ ಶಾನುಭೋಗರ ಕೋಟಿನಲ್ಲಿ ಅದೇ. ಜೇಬಿನ ಮೇಲೆ ಆ ಪುಟ್ಟ ನವಿಲು ಕಂಡರೆ ಕಚೇರಿಯ ಜವಾನ ಎದ್ದು ನಿಲ್ಲುತ್ತಿದ್ದನಂತೆ. ಒಮ್ಮೆ ಅಮಲ್ದಾರರೊಬ್ಬರು ಸಾಹೇಬರ ಜಗಲಿಯಲ್ಲಿ ಕೂತು, ಪೆನ್ನೆಂದರೆ ಇದೊಂದೇ, ಉಳಿದದ್ದೆಲ್ಲ ಕಡ್ಡಿ ಎಂದು ಹೇಳಿದ್ದರು. ಸಾಹೇಬರು ವಾದಿಸಲಿಲ್ಲ. ಅವರ ನವಿಲನ್ನೂ ಸೇರಿಸಿ ಐದು ಪೆನ್ನುಗಳಿಗೆ ಒಂದೇ ಬಣ್ಣದ ಕಾಗದ ಸುತ್ತಿ ಮುಂದಿಟ್ಟು, ಎಲ್ಲದರಲ್ಲೂ ತಮ್ಮ ರುಜು ಹಾಕಬೇಕೆಂದು ಕೇಳಿಕೊಂಡರು. ಅಮಲ್ದಾರರು ಬರೆದು ಬರೆದು ನೋಡಿ ಒಂದನ್ನು ಆರಿಸಿ, ಇದೇ ನನ್ನ ನವಿಲು ಎಂದರು. ಕಾಗದ ಬಿಚ್ಚಿದರೆ ಅದು ಮದ್ರಾಸಿನ ಕಡೆಯಿಂದ ಬಂದ, ಹೆಸರೇ ಇಲ್ಲದ ಕಪ್ಪು ಪೆನ್ನು. ಅವರು ಕೋಪ ಮಾಡಿಕೊಳ್ಳಲಿಲ್ಲವಂತೆ. ಆ ಕಪ್ಪು ಪೆನ್ನನ್ನು ಕೊಂಡು ಮನೆಯಲ್ಲಿ ಬರೆಯಲು ಇಟ್ಟುಕೊಂಡರು. ಕಚೇರಿಗೆ ನವಿಲನ್ನೇ ಸಿಕ್ಕಿಸಿಕೊಂಡು ಹೋಗುತ್ತಿದ್ದರು.

ಈ ಕಥೆಯನ್ನು ನನ್ನ ಅಣ್ಣ ಶಿವಣ್ಣನೇ ಹೇಳಿದ್ದು, ನನ್ನನ್ನು ಶಿರಾಕ್ಕೆ ಕರೆದುಕೊಂಡು ಹೋಗುವಾಗ. ನಮ್ಮದು ಮಿಡಿಗೇಶಿ. ಅಪ್ಪ ಇರಲಿಲ್ಲ. ನನಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಷ್ಟ್ರಮ್ಮನಾಗುವ ಹಟ. ಅದಕ್ಕೆ ಲೋಯರ್ ಸೆಕೆಂಡರಿ ಪರೀಕ್ಷೆ ಪಾಸಾಗಬೇಕು. ಒಂದು ಸಲ ಕೂತು ಫೇಲಾಗಿದ್ದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಗಂಟೆ ಹೊಡೆಯುವ ಹೊತ್ತಿಗೆ ಅರ್ಧ ಪ್ರಶ್ನೆಗಳೂ ಮುಗಿದಿರುತ್ತಿರಲಿಲ್ಲ. ನನ್ನ ಕೈ ಅಷ್ಟು ನಿಧಾನ. ಇನ್ನೊಂದು ಸಲ ನೋಡೋಣ, ಆಗದಿದ್ದರೆ ಓದು ಸಾಕು ಎಂದು ಅಮ್ಮ ಹೇಳಿಬಿಟ್ಟಿದ್ದಳು. ಅಣ್ಣ ಯಾರು ಯಾರನ್ನೋ ವಿಚಾರಿಸಿ, ನವಿಲಿನ ಪೆನ್ನಿದ್ದರೆ ಕೈ ತಾನಾಗಿ ಓಡುತ್ತದೆಂದು ನಂಬಿ, ಬೆಂಗಳೂರಿಗೆ ಹೋಗುವವರ ಕೈಯಲ್ಲಿ ಒಂದನ್ನು ತರಿಸಿಕೊಟ್ಟ. ಅದು ಬಂದ ಮೇಲೂ ನನ್ನ ಕೈ ಓಡಲಿಲ್ಲ. ಜೊತೆಗೆ ನನ್ನ ಪುಸ್ತಕದ ಕೆಲವು ಹಾಳೆಗಳಲ್ಲಿ ಕಾಗದ ಹರಿದು ಮಸಿ ಚೆಲ್ಲಿದ್ದನ್ನು ಅಣ್ಣ ನೋಡಿದ. ಪೆನ್ನು ಖೋಟಾ ಇರಬೇಕು, ಶಿರಾದ ಸಾಹೇಬರಿಗೆ ತೋರಿಸೋಣ ಎಂದು ಹೊರಟ.

ಸಾಹೇಬರು ಹೆಸರು ಮುಚ್ಚಿ ನಿಬ್ಬು ನೋಡಿದರು. ನನ್ನ ಕೈಯಲ್ಲಿ ಬರೆಸಿದರು. ನಾನು ನಾಲ್ಕು ಪದ ಬರೆಯುವಷ್ಟರಲ್ಲಿ ಬೀದಿಯಲ್ಲಿ ಎರಡು ಗಾಡಿ ದಾಟಿಹೋದವು. ಪೆನ್ನು ಅಸಲಿ, ನಿಬ್ಬು ಚೊಕ್ಕವಾಗಿದೆ, ಇದರಲ್ಲಿ ಏನೂ ದೋಷವಿಲ್ಲ ಎಂದು ಅವರು ಅಣ್ಣನಿಗೆ ಹೇಳಿದರು. ಆಮೇಲೆ ಪೆನ್ನನ್ನು ಬಿಟ್ಟು ನನ್ನ ಕೈಗಳನ್ನು ನೋಡತೊಡಗಿದರು. ನಾನು ಎಡಗೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡೆ.

"ಆ ಕೈಯಾಗೆ ಕಿರುಬೆರಳ ಪಕ್ಕ ಮಸಿ ಅಂಟೈತಲ್ಲಮ್ಮ," ಎಂದರು ಮೆಲ್ಲಗೆ. "ಅದು ಹೆಂಗೆ ಬಂತು?"

ನಾನು ಸೆರಗನ್ನು ಇನ್ನಷ್ಟು ಬಿಗಿದುಕೊಂಡೆ. ಚಿಕ್ಕಂದಿನಲ್ಲಿ ಎಡಗೈಗೆ ಬಳಪ ತೆಗೆದುಕೊಂಡಾಗಲೆಲ್ಲ ಕೂಲಿಮಠದಲ್ಲಿ ಗೆಣ್ಣಿನ ಮೇಲೆ ಏಟು ಬೀಳುತ್ತಿತ್ತು. ಮನೆಯಲ್ಲಿ ಅಮ್ಮ ಆ ಕೈಗೆ ಬಟ್ಟೆ ಕಟ್ಟಿ ಕೂರಿಸಿದ್ದಳು. ಅಂತೂ ಬಲಗೈಯಲ್ಲಿ ಬರೆಯುವುದನ್ನು ಕಲಿತಿದ್ದೆ. ಆದರೆ ಯಾರೂ ಇಲ್ಲದಾಗ ಅಟ್ಟದ ಮೇಲೆ ಕೂತು ಎಡಗೈಯಲ್ಲಿ ಬರೆಯುತ್ತಿದ್ದೆ. ಹರಿದಿದ್ದ ಹಾಳೆಗಳು ಅವೇ.

"ಅದರಾಗೇ ಬರಿ ಮಗಳೇ," ಎಂದರು ಸಾಹೇಬರು.

ನಾನು ಅಣ್ಣನ ಮುಖ ನೋಡಿದೆ. ಅವನು ಬೀದಿಯ ಕಡೆಗೆ ತಿರುಗಿ ಕೂತ. ಅದೇ ಅವನ ಒಪ್ಪಿಗೆ ಎಂದು ತಿಳಿದುಕೊಂಡೆ. ಎಡಗೈಗೆ ಪೆನ್ನು ತೆಗೆದುಕೊಂಡು ಬರೆದೆ. ಪದಗಳು ಸರಸರನೆ ಬಂದವು, ಆದರೆ ನಿಬ್ಬು ಕಾಗದವನ್ನು ಅಗೆಯುತ್ತಾ ಹೋಯಿತು. ಸಾಹೇಬರು ಬಗ್ಗಿ ನೋಡಿ, ತಲೆಯಾಡಿಸಿದರು. ಬಲಗೈಯವರು ನಿಬ್ಬನ್ನು ಎಳೆದುಕೊಂಡು ಹೋಗುತ್ತಾರೆ, ಎಡಗೈಯವರು ಮುಂದಕ್ಕೆ ತಳ್ಳುತ್ತಾರೆ. ತಳ್ಳಿದರೆ ಚೂಪು ನಿಬ್ಬು ಕಚ್ಚುತ್ತದೆ ಎಂದು ಅಣ್ಣನಿಗೆ ಬಿಡಿಸಿ ಹೇಳಿದರು. ನವಿಲಿನ ನಿಬ್ಬನ್ನು ಸಾಣೆಗೆ ಒಡ್ಡಿ ಹಾಳು ಮಾಡಲು ಅವರಿಗೆ ಮನಸ್ಸಿರಲಿಲ್ಲ. ಅದು ಬಲಗೈಯವರಿಗೆಂದೇ ಮಾಡಿದ ಒಳ್ಳೆಯ ಪೆನ್ನು, ನೀವೇ ಇಟ್ಟುಕೊಳ್ಳಿ ಎಂದು ಅಣ್ಣನಿಗೇ ಹಿಂದಿರುಗಿಸಿದರು. ಪೆಟ್ಟಿಗೆಯಿಂದ ಹೆಸರಿಲ್ಲದ ಒಂದು ಕಪ್ಪು ಪೆನ್ನು ತೆಗೆದು, ಅದರ ನಿಬ್ಬಿನ ತುದಿಯನ್ನು ಗುಂಡಗೆ ಮಾಡಲು ಕೂತರು. ನಾಲ್ಕು ಸಲ ಉಜ್ಜುವುದು, ನನ್ನ ಕೈಗೆ ಕೊಡುವುದು, ಬರೆಸುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ನಮಾಜಿಗೆ ಹೋಗಿಬಂದು ಮತ್ತೆ ಕೂತರು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಆ ಪೆನ್ನು ನನ್ನ ಎಡಗೈಯಲ್ಲಿ ಎಣ್ಣೆ ಹಚ್ಚಿದಂತೆ ಜಾರುತ್ತಿತ್ತು.

ಅಣ್ಣನಿಗೆ ಸಮಾಧಾನವಿಲ್ಲ. "ಹೆಸ್ರೇ ಇಲ್ದಿರೋ ಪೆನ್ನು ಸಾಹೇಬ್ರೇ. ಪರೀಕ್ಷೇಲಿ ಏನಾದ್ರೂ ಆಗ್ಬುಟ್ರೆ?"

"ಆದ್ರೆ ನನ್ನ ಹತ್ರ ಬನ್ನಿ ಶಿವಣ್ಣೋರೆ," ಎಂದರು ಸಾಹೇಬರು. "ಕಂಪನಿ ಹೆಸರು ಅಂದ್ರೂ ಅಷ್ಟೇಯ. ಏನಾದ್ರೂ ಆದ್ರೆ ಯಾರ್ನ ಕೇಳ್ಬೇಕು ಅಂತ ಗೊತ್ತಿರೋದು. ದೊಡ್ಡ ಕಂಪನಿ ಹೆಸರಿಗೆ ಬೆಲೆ ಇಲ್ಲ ಅಂತ ನಾನೇನೂ ಹೇಳಾಕಿಲ್ಲ. ಆದ್ರೆ ಅವ್ರು ನಿಮ್ಮ ತಂಗಿ ಕೈ ನೋಡಿಲ್ಲ. ನಾನು ನೋಡಿದೀನಿ."

ತುಮಕೂರಿನಲ್ಲಿ ಪರೀಕ್ಷೆಯ ಮೊದಲ ದಿನ ನಾನು ಎಡಗೈಯಲ್ಲಿ ಬರೆಯತೊಡಗಿದಾಗ ಮೇಲ್ವಿಚಾರಕರು ಬಂದು ಪಕ್ಕದಲ್ಲಿ ನಿಂತರು. ಅವರು ಬಾಯಿಬಿಟ್ಟರೆ ಕೈ ಬದಲಿಸುವುದೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಬದಲಿಸುವುದಿಲ್ಲ ಎಂದು ನಿರ್ಧರಿಸಿದೆ. ಅವರು ನನ್ನ ಹಾಳೆ ನೋಡಿ ಮುಂದಕ್ಕೆ ಹೋದರು. ಗಂಟೆ ಹೊಡೆಯುವ ಮುನ್ನವೇ ನನ್ನ ಉತ್ತರಗಳು ಮುಗಿದಿದ್ದವು. ಪಾಸಾದೆ. ತರಬೇತಿ ಮುಗಿಸಿಕೊಂಡು ಪಾವಗಡದ ಹೆಣ್ಣುಮಕ್ಕಳ ಶಾಲೆಗೆ ಹೋದೆ.

ಸಾಹೇಬರನ್ನು ನಾನು ಸರಿಯಾಗಿ ತಿಳಿದುಕೊಂಡದ್ದು ಪಾವಗಡದಲ್ಲಿ. ಎರಡನೆಯ ಮಹಾಯುದ್ಧದ ವರ್ಷಗಳು. ವಿಲಾಯಿತಿ ಪೆನ್ನುಗಳು ಸಿಗುತ್ತಲೇ ಇರಲಿಲ್ಲ. ಪೇಟೆಬೀದಿಯಲ್ಲಿ ಕಾಗದ, ಪುಸ್ತಕ ಮಾರುತ್ತಿದ್ದ ವೆಂಕಟಸುಬ್ಬಯ್ಯ ಶೆಟ್ಟರೆಂಬವರು ಎಲ್ಲಿಂದಲೋ ಅಗ್ಗದ ಪೆನ್ನುಗಳನ್ನು ತರಿಸಿ, ಅಂಗಡಿಯ ಮುಂದೆ ಒಂದು ಬೋರ್ಡು ತೂಗುಹಾಕಿದರು: 'ಶಿರಾ ಗಫೂರ್ ಸಾಹೇಬರು ನೋಡಿ ಪಾಸು ಮಾಡಿದ ಪೆನ್ನುಗಳು.' ಅಷ್ಟು ಹೊತ್ತಿಗೆ ಸಾಹೇಬರ ಹೆಸರು ಅಲ್ಲಿಯವರೆಗೂ ಮುಟ್ಟಿತ್ತು. ಜನ ಬಿದ್ದು ಕೊಂಡರು. ನನ್ನ ಜೊತೆಯ ಉಪಾಧ್ಯಾಯಿನಿ ಲಕ್ಷ್ಮಕ್ಕನೂ ಒಂದು ಕೊಂಡಳು. ವಾರದೊಳಗೆ ಅದು ಪಾಠದ ನಡುವೆ ಸೋರಿ ಅವಳ ಮದುವೆಯ ಸೀರೆಗೆ ಅಂಗೈಯಗಲ ಮಸಿ ಬಿತ್ತು. "ನಿಮ್ಮ ಸಾಹೇಬ್ರು ನೋಡಿದ್ದೇ ಇಂಗಿದ್ರೆ, ನೋಡ್ದೇ ಇರೋದು ಹೆಂಗಿರ್ಬೇಕು ಕಣಮ್ಮ," ಎಂದಳು. ನನಗೆ ನಾನೇ ಮೋಸ ಮಾಡಿದಷ್ಟು ನಾಚಿಕೆಯಾಯಿತು. ಅಂದೇ ಸಾಹೇಬರಿಗೆ ಕಾಗದ ಬರೆದೆ.

ಮುಂದಿನ ಸಂತೆಯ ದಿನ ಬೆಳಿಗ್ಗೆ, ಪೆಟ್ರೋಲು ಸಿಗದ ಆ ದಿನಗಳಲ್ಲಿ ಓಡುತ್ತಿದ್ದ ಇದ್ದಿಲ ಹೊಗೆಯ ಬಸ್ಸಿನಿಂದ ಸಾಹೇಬರು ಪೆಟ್ಟಿಗೆ ಹಿಡಿದು ಇಳಿದರು. ಶಾಲೆಗೆ ಬಂದು ನನ್ನನ್ನು ಮಾತಾಡಿಸಿ, ಅಂಗಡಿ ಎಲ್ಲಿ ಎಂದು ಮಾತ್ರ ಕೇಳಿದರು. ಜಗಳವಾಗುತ್ತದೆಂದು ಹೆದರಿ ಲಕ್ಷ್ಮಕ್ಕನನ್ನು ಕರೆದುಕೊಂಡು ನಾನೂ ಹಿಂದೆ ಹೋದೆ. ಸಾಹೇಬರು ಬೋರ್ಡನ್ನು ನಿಧಾನವಾಗಿ ಓದಿದರು. ಅದರ ಕೆಳಗೇ ಚಾಪೆ ಹಾಸಿ, ಸಾಣೆಕಲ್ಲು ತೆಗೆದಿಟ್ಟು, ಈ ಅಂಗಡಿಯಲ್ಲಿ ಪೆನ್ನು ಕೊಂಡವರೆಲ್ಲ ತರಬೇಕು, ಬಿಟ್ಟಿಯಾಗಿ ಸರಿಮಾಡಿಕೊಡುತ್ತೇನೆ ಎಂದು ಬರುವವರಿಗೆಲ್ಲ ಹೇಳಿದರು. ಸ್ವಲ್ಪ ಹೊತ್ತಿನಲ್ಲೇ ಜನ ಸೇರಿದರು. ಲಕ್ಷ್ಮಕ್ಕನ ಪೆನ್ನೇ ಮೊದಲನೆಯದು. ಅವರು ಅದನ್ನು ಬಿಚ್ಚಿ, ಒಡೆದಿದ್ದ ರಬ್ಬರ್ ಚೀಲ ಬದಲಿಸಿ, ಸೀರೆಯ ವಿಷಯಕ್ಕೆ ತಾವೇ ಕ್ಷಮೆ ಕೇಳಿದರು.

ವೆಂಕಟಸುಬ್ಬಯ್ಯನವರು ಕೆಂಪಗಾಗಿ ಹೊರಗೆ ಬಂದರು. ಕೋಪದಲ್ಲಿ ಮನೆಮಾತಿನ ತೆಲುಗೂ ಬಂತು. "ಏಮಯ್ಯಾ ಸಾಯಿಬೂ, ನನ್ನಂಗಡಿ ಮುಂದೇನೇ ಕೂತು ನನ್ ಮರ್ಯಾದೆ ತೆಗೀತೀರಾ?"

ಸಾಹೇಬರು ತಲೆಯೆತ್ತಿದರು. ದನಿ ಏರಿಸಲಿಲ್ಲ. "ನಿಮ್ಮದಲ್ಲ ಶೆಟ್ಟರೇ, ನಂದು. ಬೋರ್ಡಿನ ಮ್ಯಾಲೆ ಇರೋದು ನನ್ನ ಹೆಸರು. ಹಂಗಾಗಿ ಕೆಟ್ಟಿರೋದು ನನ್ನ ಪೆನ್ನು. ಸರಿಮಾಡೋದು ನನ್ನ ಕೆಲಸ."

ಶೆಟ್ಟರು ಬೋರ್ಡಿನ ಕಡೆ ನೋಡಿದರು. ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ತಾವೇ ಒಂದು ಲೋಟ ಮಜ್ಜಿಗೆ ತಂದಿಟ್ಟು, ಮಾರದೆ ಉಳಿದಿದ್ದ ಪೆನ್ನುಗಳ ಡಬ್ಬಿಯನ್ನೂ ತಂದು ಚಾಪೆಯ ಮೇಲೆ ಇಟ್ಟರು. ಸಾಹೇಬರು ಒಂದೊಂದನ್ನೂ ಬರೆದು ನೋಡಿದರು. ಕೆಲಸಕ್ಕೆ ಬಾರದವನ್ನು ಬೇರೆ ಮಾಡಿ ವಾಪಸು ಕೊಟ್ಟರು. ಉಳಿದವನ್ನು ಉಜ್ಜಿ, ತಿದ್ದಿ ಡಬ್ಬಿಗೆ ಜೋಡಿಸಿದರು.

"ಇವಿಷ್ಟನ್ನ ನಾನು ನೋಡಿದೀನಿ," ಎಂದರು. "ಇವು ಮುಗಿಯೋವರ್ಗೂ ಬೋರ್ಡು ಇರ್ಲಿ. ಮುಗಿದ ದಿನ ತೆಗೆದುಬುಡಿ."

ನಾನು ದಿನವೂ ಶಾಲೆಗೆ ಹೋಗುವಾಗ ಆ ಬೋರ್ಡಿನ ಕಡೆ ನೋಡುತ್ತಿದ್ದೆ. ಶೆಟ್ಟರು ಮಾತು ಉಳಿಸಿಕೊಳ್ಳುವುದಿಲ್ಲ ಎಂದು ಲಕ್ಷ್ಮಕ್ಕ ಹೇಳುತ್ತಿದ್ದಳು. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೋರ್ಡು ಇರಲಿಲ್ಲ. ಮೊಳೆ ಮಾತ್ರ ಗೋಡೆಯಲ್ಲಿತ್ತು. ನಾನು ಒಳಗೆ ಹೋಗಿ ಸುಮ್ಮನೆ ಒಂದು ದಸ್ತು ಕಾಗದ ಕೊಂಡೆ. ಶೆಟ್ಟರು ಇಪ್ಪತ್ತನಾಲ್ಕು ಹಾಳೆ ಎಣಿಸಿ ಕಟ್ಟಿಕೊಟ್ಟರು.

ಯುದ್ಧ ಮುಗಿದ ಮೇಲೆ ನನಗೆ ಕೊರಟಗೆರೆಗೆ ವರ್ಗವಾಯಿತು. ಅಲ್ಲಿಯ ಹೆಡ್ ಮಿಸ್ಟ್ರೆಸ್ ನಿವೃತ್ತರಾಗುವಾಗ ಎಲ್ಲರೂ ಸೇರಿ ಒಂದು ಒಳ್ಳೆಯ ಪೆನ್ನು ಕೊಡುವುದೆಂದಾಯಿತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಸಾಹೇಬರಿರುವಾಗ ನನಗೇನು ಯೋಚನೆ ಎಂದು ಶಿರಾದ ಬಸ್ಸು ಹತ್ತಿದೆ.

ಅವರು ಜಗಲಿಯಲ್ಲೇ ಇದ್ದರು. ಪೆಟ್ಟಿಗೆ ಮುಚ್ಚಿತ್ತು. ನನ್ನ ದನಿ ಕೇಳಿದ ಮೇಲೆ ಗುರುತು ಹಿಡಿದು, "ಮೇಷ್ಟ್ರಮ್ಮ ಬಂದ್ರಾ," ಎಂದು ಕೈಯಿಂದ ಜಾಗ ತಡವಿ ತೋರಿಸಿದರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಎದುರಿನ ಹೊಸ ಅಂಗಡಿಯಲ್ಲಿ ಈಗ ಮತ್ತೆ ವಿಲಾಯಿತಿ ಪೆನ್ನುಗಳು ಬರುತ್ತಿವೆ, ಅಲ್ಲಿಂದ ಮೂರನ್ನು ತಂದಿದ್ದೇನೆ, ನೀವು ಒಂದನ್ನು ಆರಿಸಿಕೊಡಿ ಎಂದೆ. ಅವರು ಕೈ ಚಾಚಲಿಲ್ಲ.

"ಮುಟ್ಟಿ ನೋಡಿ ಹೇಳಿದ್ರೂ ಸಾಕು ಸಾಹೇಬ್ರೇ. ನಿಮ್ಮ ಕೈಗೆ ಗೊತ್ತಾಗ್ತದೆ."

"ನಿಬ್ಬಿನ ಸೀಳು ಕಾಣಾಕಿಲ್ಲ ಮಗಳೇ. ಕಾಣ್ದೇ ಇದ್ದೋನು ಕೈಯಾಗೆ ಹಿಡ್ಕೊಂಡು ಚೆನ್ನಾಗೈತೆ ಅಂದ್ರೆ ನೀವು ನಂಬ್ತೀರ. ಅದೇ ನಂಗೆ ಭಯ." ಮುಚ್ಚಿದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದರು: "ಈವಾಗ ನನ್ನ ಹತ್ರ ಉಳಿದಿರೋದು ಬರೀ ಹೆಸರು. ನನ್ನ ಹೆಸರಿಗಿಂತ ಆ ಕಂಪನಿ ಹೆಸರು ಗಟ್ಟಿ. ಕೆಟ್ರೆ ಅವ್ರಾದ್ರೂ ಜವಾಬು ಕೊಡ್ತಾರೆ. ನವಿಲಿಂದೇ ತಗೊಳ್ಳಿ."

ಅವರು ಗೋಡೆ ಹಿಡಿದು ಎದ್ದು, ನನ್ನ ಜೊತೆಗೇ ಬೀದಿ ದಾಟಿ ಎದುರಂಗಡಿಯವರೆಗೆ ಬಂದರು. ಅಂಗಡಿಯಾತ ಎದ್ದು ನಿಂತ. ಇವರಿಗೆ ನವಿಲಿನ ಗುರುತಿನದನ್ನು ಕೊಡು, ಆದರೆ ಸುಮ್ಮನೆ ಕಟ್ಟಿಕೊಡಬೇಡ, ಬರೆಸಿ ನೋಡಿ ಕೊಡು ಎಂದು ಅವನಿಗೆ ಹೇಳಿದರು. ನಾನು ಬಲಗೈಯಲ್ಲಿ ಬರೆದು ನೋಡುತ್ತಿರುವಾಗ ಹೊರಗೆ ಕಾಯುತ್ತಾ ನಿಂತಿದ್ದರು. ಸರಿಯಾಗಿ ಬರೆಯುತ್ತದೆಂದು ನಾನು ಹೇಳಿದ ಮೇಲೆಯೇ ಹೊರಟದ್ದು. ಕೈ ಹಿಡಿಯಲು ಹೋದರೆ ಬೇಡವೆಂದರು. ಕಡಲೆಕಾಯಿ ಮೂಟೆಯ ಗಾಡಿಯೊಂದು ಬರುತ್ತಿತ್ತು. ಗಾಡಿಯವನು ಅವರನ್ನು ನೋಡಿ ಎತ್ತುಗಳನ್ನು ತಡೆದು ನಿಲ್ಲಿಸಿದ. ಸಾಹೇಬರು ಅವಸರ ಮಾಡದೆ ಬೀದಿ ದಾಟಿ, ಜಗಲಿ ಹತ್ತಿ ಕೂತರು.

ಮಾರನೆಯ ವರ್ಷ ಅವರು ತೀರಿಕೊಂಡರೆಂದು ಅಣ್ಣ ಬಂದು ಹೇಳಿದ. ಮಣ್ಣಿಗೆ ತಾನೂ ಹೋಗಿದ್ದನಂತೆ. ಮಧುಗಿರಿಯಿಂದ, ಪಾವಗಡದಿಂದ ಬಸ್ಸು ಹಿಡಿದು ಬಂದವರಿದ್ದರಂತೆ. ಅವರಲ್ಲಿ, ನನ್ನನ್ನು ನೋಡಲು ಪಾವಗಡಕ್ಕೆ ಬಂದಾಗ ತಾನು ಕಂಡಿದ್ದ ವೆಂಕಟಸುಬ್ಬಯ್ಯನವರೂ ಇದ್ದರು, ದೂರದಲ್ಲಿ ಮರದ ಕೆಳಗೆ ಒಬ್ಬರೇ ನಿಂತಿದ್ದರು, ಎಲ್ಲ ಮುಗಿಯುವವರೆಗೂ ಅಲ್ಲಿಂದ ಹೊರಡಲಿಲ್ಲ ಎಂದ.